ಬಂದರಿನ ಪಾಳು ದ್ವೀಪ ಪಾರ್ಕ್ ಆಗಬೇಕಾದರೆ ಮೊದಲು ದೋಣಿ, ಆಮೇಲೆ ಗಿಡ

ಪ್ರಶ್ನೆ: ಸರ್, ನಮ್ಮ ಬಂದರಿನ ಬಾಯಲ್ಲಿ ಒಂದು ಸಣ್ಣ ದ್ವೀಪ ಇದೆ. ಹಳೇ ಕೋಟೆ, ಸೈನಿಕರ ಬ್ಯಾರಕ್ಕುಗಳು, ಹಡಗು ರಿಪೇರಿ ಮಾಡುತ್ತಿದ್ದ ಶೆಡ್ಡುಗಳು ಇವೆ. ಎಷ್ಟೋ ವರ್ಷದಿಂದ ಬೀಗ ಹಾಕಿದೆ. ಈಗ ಅದನ್ನು ಸಾರ್ವಜನಿಕ ಪಾರ್ಕ್ ಮಾಡುವ ಮಾತು ನಡೆದಿದೆ, ನಾಗರಿಕರ ಸಮಿತಿಯಲ್ಲಿ ನಾನೂ ಒಬ್ಬ. ಸಭೆಯಲ್ಲಿ ನ್ಯೂಯಾರ್ಕಿನ ಗವರ್ನರ್ಸ್ ಐಲ್ಯಾಂಡ್ ಫೋಟೊ ತೋರಿಸಿ ಹೀಗೇ ಮಾಡೋಣ ಅಂದರು. ಒಬ್ಬರು, ಅಲ್ಲಿಯ ಮಣ್ಣೆಲ್ಲ ವಿಷ, ಮಕ್ಕಳನ್ನು ಬಿಡೋ ಹಾಗಿಲ್ಲ ಅಂತಾರೆ. ಇನ್ನೊಬ್ಬರು, ಹೋಟೆಲಿಗೆ ಕೊಡದಿದ್ದರೆ ದುಡ್ಡು ಹುಟ್ಟಲ್ಲ ಅಂತಾರೆ. ಮತ್ತೊಬ್ಬರು, ಹಳೇ ಕಟ್ಟಡ ಇರುವ ಕಡೆ ಒಂದು ಕಲ್ಲೂ ಮುಟ್ಟಬಾರದು, ಹಾಗೇ ಬಿಡಿ, ಕಾಡು ಬೆಳೆಯಲಿ ಅಂತಾರೆ. ನನ್ನ ಭಯ ಬೇರೆ. ಅಷ್ಟು ದುಡ್ಡು ಸುರಿದು ಕೊನೆಗೆ ಉಳ್ಳವರು ಮಾತ್ರ ಹೋಗುವ ಜಾಗ ಆಗಿಬಿಟ್ಟರೆ? ಎಲ್ಲಿಂದ ಶುರು ಮಾಡಬೇಕು?

ಉತ್ತರ:

ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಜನರ ಮಾತಿದೆ. ನಾಲ್ಕೂ ಅರ್ಧ ನಿಜ. ಹಳೇ ಬಂದರು ಜಾಗಗಳನ್ನು ಪಾರ್ಕ್ ಮಾಡುವ ಕೆಲಸದಲ್ಲಿ ಬಹಳ ವರ್ಷ ಕಳೆದವನಾಗಿ ಹೇಳುವುದಾದರೆ, ಇಂಥ ಯೋಜನೆಗಳು ಕೆಡುವುದು ವಿನ್ಯಾಸ ಚೆನ್ನಾಗಿಲ್ಲ ಅಂತ ಅಲ್ಲ. ಫೋಟೊದಲ್ಲಿ ಕಾಣದ ನಾಲ್ಕು ವಿಷಯದಿಂದ ಕೆಡುತ್ತವೆ: ದೋಣಿ, ಕಡಲ ಗೋಡೆ, ಕುಡಿಯುವ ನೀರು, ಮತ್ತೆ ಜಾಗದ ಕಾಗದಪತ್ರ. ನಿಮ್ಮ ಸಭೆಯಲ್ಲಿ ಯಾರೂ ಈ ನಾಲ್ಕರ ಬಗ್ಗೆ ಮಾತಾಡಿದ ಹಾಗೆ ಕಾಣಲಿಲ್ಲ.

ಮೊದಲು ಆ ಫೋಟೊದ ಹಿಂದಿನ ಕಥೆ ನೋಡೋಣ. ಗವರ್ನರ್ಸ್ ಐಲ್ಯಾಂಡ್ 172 ಎಕರೆ. ನಗರದ ನಡುಭಾಗವಾದ ಮ್ಯಾನ್ಹಟನ್‌ನಿಂದ ದೋಣಿಯಲ್ಲಿ ಹತ್ತು ನಿಮಿಷವೂ ಆಗುವುದಿಲ್ಲ. ಮೊದಲು ಅದು 70 ಎಕರೆಯಷ್ಟೂ ಇರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ನಗರದ ಸುರಂಗ ರೈಲಿಗೆ ಅಗೆದ ಮಣ್ಣನ್ನೆಲ್ಲ ತಂದು ದಕ್ಷಿಣಕ್ಕೆ ಸುರಿದು ದೊಡ್ಡದು ಮಾಡಿದರು. ಸೇನೆ ಅಲ್ಲಿಂದ ಹೋದದ್ದು 1966ರ ಹೊತ್ತಿಗೆ, ಆಮೇಲೆ ಬಂದ ಕೋಸ್ಟ್ ಗಾರ್ಡ್ ಖಾಲಿ ಮಾಡಿದ್ದು 1996ರಲ್ಲಿ. 2003ರಲ್ಲಿ ಕೇಂದ್ರ ಸರ್ಕಾರ ಅದನ್ನು ನ್ಯೂಯಾರ್ಕಿನ ಜನರಿಗೆ ಒಂದು ಡಾಲರಿಗೆ ಕೊಟ್ಟಿತು. ಕೋಟೆಗಳಿರುವ 22 ಎಕರೆ ಮಾತ್ರ ರಾಷ್ಟ್ರೀಯ ಸ್ಮಾರಕವಾಗಿ ಕೇಂದ್ರದ ರಾಷ್ಟ್ರೀಯ ಪಾರ್ಕ್ ಇಲಾಖೆಯ ಕೈಯಲ್ಲಿ ಉಳಿಯಿತು. ಆಮೇಲೆ ಬೇಸಿಗೆಯ ದಿನಗಳಲ್ಲಿ ಮಾತ್ರ ಬಾಗಿಲು ತೆರೆದರು. 2007ರಲ್ಲಿ ವಿನ್ಯಾಸ ಸ್ಪರ್ಧೆ ನಡೆಸಿ ನೆದರ್‌ಲ್ಯಾಂಡ್ಸಿನ ವೆಸ್ಟ್ 8 ಅನ್ನುವ ಪಾರ್ಕ್ ವಿನ್ಯಾಸಕಾರರ ತಂಡವನ್ನು ಆರಿಸಿದರು. ಹೊಸ ಪಾರ್ಕಿನ ಮೊದಲ 30 ಎಕರೆ ತೆರೆದದ್ದು 2014ರಲ್ಲಿ. ಎಲ್ಲರೂ ಫೋಟೊ ತೆಗೆಯುವ ಆ ಹಸಿರು ಗುಡ್ಡಗಳು 2016ರವು. ವರ್ಷವಿಡೀ ಬಾಗಿಲು ತೆರೆದದ್ದು 2021ರಲ್ಲಿ.

ಅಂದರೆ ಕೋಸ್ಟ್ ಗಾರ್ಡ್ ಹೋದ ಮೇಲೆ ಗುಡ್ಡ ಏಳುವುದಕ್ಕೆ ಇಪ್ಪತ್ತು ವರ್ಷ. ಆದರೆ ಗಮನಿಸಿ, ಜನ ಅಷ್ಟು ವರ್ಷ ಕಾಯಲಿಲ್ಲ. ಗುಡ್ಡ ಇಲ್ಲದಿದ್ದಾಗಲೂ, ಸರಿಯಾದ ಕುಡಿಯುವ ನೀರು ಇಲ್ಲದಿದ್ದಾಗಲೂ ದೋಣಿ ಹತ್ತಿ ಹೋಗುತ್ತಿದ್ದರು. ಸೈಕಲ್ ಹೊಡೆದರು, ಹುಲ್ಲಿನ ಮೇಲೆ ಬಿದ್ದುಕೊಂಡರು, ಅಧಿಕಾರಿಗಳ ಹಳೇ ಮನೆಗಳಲ್ಲಿ ಕಲಾವಿದರು ಬೇಸಿಗೆಗೆ ಬಂದು ಪ್ರದರ್ಶನ ಇಟ್ಟರು. ಆ ವರ್ಷಗಳಲ್ಲಿ ದ್ವೀಪಕ್ಕೆ ಅದನ್ನು ತಮ್ಮದು ಅನ್ನುವ ಜನ ಹುಟ್ಟಿದರು. ಆಮೇಲೆ ದುಡ್ಡು ಕೇಳಿದಾಗ, ಕೊಡಿ ಅಂತ ಹೇಳುವುದಕ್ಕೆ ಆ ಜನ ಇದ್ದರು. ಇಡೀ ಕಥೆಯಲ್ಲಿ ನೀವು ನಕಲು ಮಾಡಬೇಕಾದ್ದು ಇದನ್ನೇ, ಗುಡ್ಡವನ್ನಲ್ಲ.

ಇನ್ನು ವಿಷದ ಮಾತು. ಬಂದರಿನ ದ್ವೀಪಗಳ ಮಣ್ಣು ಕೊಳಕಾಗಿರುವುದು ನಿಜ, ಅದಕ್ಕೆ ಕಾರಣವೂ ಇದೆ. ಊರು ತನ್ನ ಪಕ್ಕದಲ್ಲಿ ಬೇಡ ಅಂದದ್ದನ್ನೆಲ್ಲ ದ್ವೀಪಕ್ಕೆ ಕಳಿಸುತ್ತಿತ್ತು. ಜೈಲು, ಅಂಟುರೋಗದವರ ಆಸ್ಪತ್ರೆ, ಮದ್ದಿನ ಮನೆ, ಕಸ. ಹಡಗು ರಿಪೇರಿ ಜಾಗದಲ್ಲಿ ಹಡಗಿನ ತಳ ಕೆರೆದ ಬಣ್ಣದಲ್ಲಿ ತಾಮ್ರ, ಸೀಸ, ಕೆಲವು ಕಡೆ ತವರದ ವಿಷಕಾರಿ ಸಂಯುಕ್ತಗಳು ಇರುತ್ತವೆ. ಬಾಯ್ಲರ್ ಬೂದಿಯಲ್ಲಿ ಆರ್ಸೆನಿಕ್ ಇರಬಹುದು. ಹಳೇ ಮನೆಗಳ ಸುತ್ತ ಗೋಡೆಯಿಂದ ಉದುರಿದ ಸೀಸದ ಬಣ್ಣ, ಚಾವಣಿಯಲ್ಲಿ ಕಲ್ನಾರು, ನೆಲದಡಿ ಯಾರೂ ನೆನಪಿಟ್ಟುಕೊಳ್ಳದ ಎಣ್ಣೆ ಟ್ಯಾಂಕು, ಹಳೇ ಟ್ರಾನ್ಸ್‌ಫಾರ್ಮರಿನ ಎಣ್ಣೆ. ಇಷ್ಟನ್ನು ಹುಡುಕಲೇಬೇಕು.

ಆದರೆ 'ಮಣ್ಣೆಲ್ಲ ವಿಷ' ಅನ್ನುವುದು ಸುಳ್ಳು. ವಿಷ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಡ್ಡೆ ಬಿದ್ದಿರುತ್ತದೆ. ಹಾಗಾಗಿ ಹಳೇ ನಕ್ಷೆ ಮುಂದಿಟ್ಟುಕೊಂಡು, ಎಲ್ಲಿ ಯಾವ ಕೆಲಸ ನಡೆಯುತ್ತಿತ್ತು ಅಂತ ನೋಡಿ, ಅಲ್ಲಿ ಒತ್ತೊತ್ತಾಗಿ ಮಾದರಿ ತೆಗೆಯಬೇಕು. ಇಡೀ ದ್ವೀಪಕ್ಕೆ ಚೌಕುಳಿ ಹಾಕಿ ಹತ್ತು ಮಾದರಿ ತೆಗೆದು ವರದಿ ಕೊಟ್ಟರೆ ಅದನ್ನು ನಂಬಬೇಡಿ, ಅದು ಒಳ್ಳೆಯದು ಹೇಳಿದರೂ ಸರಿ, ಕೆಟ್ಟದ್ದು ಹೇಳಿದರೂ ಸರಿ.

ಸಿಕ್ಕಿದ ವಿಷವನ್ನು ಏನು ಮಾಡಬೇಕು? ಅಗೆದು ಸಾಗಿಸಬಹುದು. ದ್ವೀಪದಿಂದ ಸಾಗಿಸುವುದು ಅಂದರೆ ಬಾರ್ಜ್ (ಸರಕು ಹೊರುವ ಚಪ್ಪಟೆ ದೋಣಿ), ಅಂದರೆ ಸಿಕ್ಕಾಪಟ್ಟೆ ಖರ್ಚು, ಜೊತೆಗೆ ಆ ಮಣ್ಣು ಇನ್ಯಾರದೋ ಊರಿನ ಪಕ್ಕಕ್ಕೆ ಹೋಗುತ್ತದೆ. ಇಲ್ಲವೇ ಅಲ್ಲೇ ಮುಚ್ಚಬಹುದು. ಮುಚ್ಚುವುದು ಅಂದ ತಕ್ಷಣ ಜನ ಮೋಸ ಅಂದುಕೊಳ್ಳುತ್ತಾರೆ. ಸರಿಯಾಗಿ ಮಾಡಿದರೆ ಮೋಸ ಅಲ್ಲ. ಅಮೆರಿಕದ ಬೋಸ್ಟನ್ ಬಂದರಿನ ಸ್ಪೆಕ್ಟಕಲ್ ಐಲ್ಯಾಂಡ್ ನೋಡಿ. ಸತ್ತ ಕುದುರೆಗಳನ್ನು ಬೇಯಿಸಿ ಕೊಬ್ಬು ತೆಗೆಯುವ ಕಾರ್ಖಾನೆ ಅಲ್ಲಿತ್ತು, ಆಮೇಲೆ 1959ರವರೆಗೆ ನಗರದ ಕಸದ ಗುಂಡಿ. ನಿಲ್ಲಿಸಿದ ಮೇಲೂ ಕಸ ದಶಕಗಟ್ಟಲೆ ಕಡಲಿಗೆ ಜಾರುತ್ತಲೇ ಇತ್ತು. ಬೋಸ್ಟನ್ ನಗರದಡಿ ಹೆದ್ದಾರಿ ಸುರಂಗ ತೋಡಿದಾಗ ಬಂದ ಮಣ್ಣನ್ನು ಎಲ್ಲಿ ಹಾಕುವುದು ಅನ್ನುವ ಪ್ರಶ್ನೆ ಎದ್ದಿತು. ಆ ಮಣ್ಣನ್ನು ತಂದು ಕಸದ ಮೇಲೆ ಮುಚ್ಚಿ, ಅಂಚಿಗೆ ಕಲ್ಲಿನ ಒಡ್ಡು ಕಟ್ಟಿ, ಸಾವಿರಾರು ಗಿಡ ನೆಟ್ಟರು. 2006ರಲ್ಲಿ ತೆರೆದರು, ಈಗ ಜನ ಅಲ್ಲಿ ಈಜುತ್ತಾರೆ. ಎರಡು ತಲೆನೋವು ಒಂದಕ್ಕೊಂದು ಔಷಧಿ ಆದವು.

ಮುಚ್ಚುವುದರ ಅಪಾಯ ಮುಂದಕ್ಕಿದೆ. ಆ ಹೊದಿಕೆಯನ್ನು ಶಾಶ್ವತವಾಗಿ ಕಾಯಬೇಕು. ಇಪ್ಪತ್ತು ವರ್ಷದ ನಂತರ ಯಾರೋ ಕಂಬ ನೆಡಲು, ಪೈಪ್ ಹಾಕಲು ಅಗೆದುಬಿಟ್ಟರೆ ಎಲ್ಲ ಹಾಳು. ಹಾಗಾಗಿ ಎಲ್ಲಿ ಏನನ್ನು ಎಷ್ಟು ಆಳದಲ್ಲಿ ಮುಚ್ಚಿದ್ದೇವೆ ಅನ್ನುವ ನಕ್ಷೆ ಜಾಗದ ದಾಖಲೆಯ ಜೊತೆಗೇ ಇರಬೇಕು. ಗುತ್ತಿಗೆದಾರರ ಕಪಾಟಿನಲ್ಲಿ ಇದ್ದರೆ ಸಾಲದು. ಆಳವಾಗಿ ಬೇರು ಬಿಡುವ ಮರವನ್ನೂ ಹೊದಿಕೆಯ ಮೇಲೆ ಹಾಕಬಾರದು, ಇದನ್ನು ಮರೆಯುವವರು ಜಾಸ್ತಿ.

ಮಣ್ಣಿಗಿಂತ ನನಗೆ ಹೆಚ್ಚು ಹೆದರಿಕೆ ಆಗುವುದು ಕಡಲ ಗೋಡೆ ನೋಡಿದಾಗ. ದ್ವೀಪದ ಸುತ್ತ ಇರುವ ಹಳೇ ಕಲ್ಲುಗೋಡೆ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಕಲ್ಲಿನ ಸಂದಿನ ಗಾರೆ ಹೋಗಿರುತ್ತದೆ. ಉಬ್ಬರದಲ್ಲಿ ನೀರು ಒಳಗೆ ಹೋಗುತ್ತದೆ, ಇಳಿತದಲ್ಲಿ ಹೊರಗೆ ಬರುವಾಗ ಒಂದಿಷ್ಟು ಸಣ್ಣ ಮಣ್ಣನ್ನು ಎಳೆದುಕೊಂಡು ಬರುತ್ತದೆ. ದಿನವೂ ಇದೇ. ತೂತು ಬಿದ್ದ ಚೀಲದಿಂದ ಮರಳು ಸೋರಿದ ಹಾಗೆ ಗೋಡೆಯ ಹಿಂದೆ ಪೊಳ್ಳಾಗುತ್ತಾ ಹೋಗುತ್ತದೆ, ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ. ಒಂದು ದಿನ ಟ್ರ್ಯಾಕ್ಟರ್ ಚಕ್ರವೋ, ಮನುಷ್ಯನ ಕಾಲೋ ಕುಸಿಯುತ್ತದೆ. ಗೋಡೆಯಿಂದ ಹತ್ತಾರು ಅಡಿ ಒಳಗೆ ನೆಲದಲ್ಲಿ ತಟ್ಟೆಯಂಥ ತಗ್ಗು ಕಂಡರೆ ಅಲ್ಲಿಗೆ ಮೊದಲು ಬೇಲಿ ಹಾಕಿ. ಗೋಡೆಯ ತಪಾಸಣೆ ಅಂದರೆ ದೋಣಿಯಲ್ಲಿ ಸುತ್ತು ಹೊಡೆದು ಫೋಟೊ ತೆಗೆಯುವುದಲ್ಲ. ಮುಳುಗುಗಾರರು ನೀರಿನಡಿ ಗೋಡೆಯ ಪಾದ ನೋಡಬೇಕು. ಈ ಗೋಡೆಗೆ ಹೋಗುವ ದುಡ್ಡು ಯಾರ ಕಣ್ಣಿಗೂ ಕಾಣುವುದಿಲ್ಲ, ಉದ್ಘಾಟನೆಗೆ ರಿಬ್ಬನ್ ಕಟ್ಟುವುದಕ್ಕೂ ಆಗುವುದಿಲ್ಲ. ಅದಕ್ಕೇ ಎಲ್ಲರೂ ಅದನ್ನು ಮುಂದಕ್ಕೆ ತಳ್ಳುತ್ತಾರೆ.

'ಹಾಗೇ ಬಿಡಿ, ಕಾಡು ಬೆಳೆಯಲಿ' ಅನ್ನುವವರಿಗೆ ಇದೇ ಉತ್ತರ. ಮನುಷ್ಯರು ಮಣ್ಣು ತುಂಬಿ ಕಟ್ಟಿದ ದ್ವೀಪ ಸುಮ್ಮನೆ ಬಿಟ್ಟರೆ ಕಾಡಾಗುವುದಿಲ್ಲ, ನಿಧಾನಕ್ಕೆ ಕಡಲಾಗುತ್ತದೆ. ನೈಸರ್ಗಿಕ ಬಂಡೆಯ ದ್ವೀಪವಾದರೆ ಮಾತು ಬೇರೆ, ಅಲ್ಲಿ ಹಕ್ಕಿಗಳಿಗೆ ಬಿಟ್ಟು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಜನರನ್ನು ಬಿಡುವುದು ಎಷ್ಟೋ ಸಲ ಸರಿಯಾದ ನಿರ್ಧಾರವೇ. ನಿಮ್ಮದು ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಿ. ಎರಡೂ ಸೇರಿರುವ ದ್ವೀಪಗಳೂ ಇವೆ.

ಗಿಡದ ವಿಷಯಕ್ಕೂ ಇದು ಸಂಬಂಧಪಟ್ಟದ್ದೇ. ತುಂಬಿದ ನೆಲದಲ್ಲಿ ಸ್ವಲ್ಪ ಅಗೆದರೆ ಉಪ್ಪುನೀರು, ಮೇಲಿನಿಂದ ಉಪ್ಪುಗಾಳಿ, ನಡುವೆ ಕಲ್ಲಿನ ಹಾಗೆ ಒತ್ತಿದ ಮಣ್ಣು. ಶಾಲಾ ಮಕ್ಕಳನ್ನು ಕರೆಸಿ ಒಂದೇ ದಿನ ಸಾವಿರ ಗಿಡ ನೆಡಿಸಿದರೆ ಎರಡನೇ ವರ್ಷಕ್ಕೆ ಕಡ್ಡಿಗಳು ನಿಂತಿರುತ್ತವೆ. ಗವರ್ನರ್ಸ್ ಐಲ್ಯಾಂಡಿನಲ್ಲಿ ದಕ್ಷಿಣದ ಸಮತಟ್ಟು ಭಾಗದ ನೆಲವನ್ನೇ ಎತ್ತರಿಸಿದ್ದಕ್ಕೆ ಚಂದ ಒಂದು ಕಾರಣ ಅಷ್ಟೆ. ಬೇರು ಉಪ್ಪುನೀರಿಗೆ ಸಿಗಬಾರದು, ಪ್ರವಾಹ ಬಂದರೆ ಮೇಲೆ ಇರಬೇಕು, ಮುಂದೆ ಕಡಲು ಏರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವ ಯೋಚನೆ ಅದರಲ್ಲಿತ್ತು. ಕೋಸ್ಟ್ ಗಾರ್ಡ್ ಕಾಲದ ಹನ್ನೊಂದು ಮಹಡಿಯ ವಸತಿ ಕಟ್ಟಡವನ್ನು 2013ರಲ್ಲಿ ಸ್ಫೋಟಿಸಿ ಕೆಡವಿ, ಆ ಅವಶೇಷವನ್ನು ಗುಡ್ಡದ ಹೊಟ್ಟೆಗೆ ತುಂಬಿದರು. ಅತಿ ಎತ್ತರದ ಗುಡ್ಡ 70 ಅಡಿ. ಅವಶೇಷವನ್ನು ಬಾರ್ಜಿನಲ್ಲಿ ಹೊರಗೆ ಸಾಗಿಸುವುದು ತಪ್ಪಿತು, ಹೊರಗಿನಿಂದ ತರಬೇಕಾದ ಮಣ್ಣೂ ಅಷ್ಟು ಕಡಿಮೆಯಾಯಿತು.

ಹಾಗಾದರೆ ಹಳೇ ಕಟ್ಟಡ ಮುಟ್ಟಬಹುದೇ? ಮುಟ್ಟಬಹುದು. ಮುಟ್ಟದಿದ್ದರೆ ಉಳಿಯುವುದೂ ಇಲ್ಲ. ಆದರೆ ಹಳೆಯದೆಲ್ಲ ಒಂದೇ ತೂಕದ್ದಲ್ಲ. ಆ ಹನ್ನೊಂದು ಮಹಡಿಯದು ಹೋಯಿತು, ಎರಡು ಶತಮಾನದ ಕೋಟೆಗಳು ಉಳಿದವು. ಯಾವುದು ಉಳಿಯಬೇಕು, ಯಾವುದನ್ನು ಬಳಸಬಹುದು, ಯಾವುದು ಹೋದರೂ ನಷ್ಟ ಇಲ್ಲ ಅಂತ ಪರಂಪರೆ ತಜ್ಞರ ಜೊತೆ ಕೂತು ಪಟ್ಟಿ ಮಾಡಿಸಿ, ಅದು ಪ್ರಕಟವಾಗಲಿ. ಈ ಪಟ್ಟಿ ಇಲ್ಲದೆ ಹೋದರೆ ಪ್ರತಿ ಶೆಡ್ಡಿಗೂ ಒಂದೊಂದು ಜಗಳ.

ಉಳಿಸುವ ಕಟ್ಟಡಕ್ಕೆ ಈಗಲೇ ದೊಡ್ಡ ದುರಸ್ತಿ ಬೇಡ. ಚಾವಣಿ ಸೋರದಂತೆ ಮಾಡಿ, ಚಾವಣಿಯಂಚಿನಲ್ಲಿ ಮಳೆನೀರು ಹಿಡಿಯುವ ದೋಣಿಪಟ್ಟಿ ಮತ್ತು ನೀರಿಳಿಯುವ ಕೊಳವೆ ಸರಿ ಮಾಡಿ, ಕಿಟಕಿಗೆ ಹಲಗೆ ಹೊಡೆಯುವಾಗ ಗಾಳಿಯಾಡಲು ಜಾಗ ಬಿಡಿ. ಇಷ್ಟರಲ್ಲಿ ಕಟ್ಟಡಕ್ಕೆ ಹತ್ತು ವರ್ಷ ಆಯಸ್ಸು ಬರುತ್ತದೆ. ಒಂದು ತಪ್ಪು ಮಾತ್ರ ಎಲ್ಲ ಕಡೆ ನೋಡುತ್ತೇನೆ, ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತುವುದು. ಕಡಲ ಪಕ್ಕದ ಗೋಡೆ ಉಪ್ಪು ಹೀರಿಕೊಂಡಿರುತ್ತದೆ. ಸುಣ್ಣವಾದರೆ ತೇವ ಅದರ ಮೂಲಕ ಹೊರಗೆ ಹೋಗುತ್ತದೆ, ಉದುರಿದರೆ ಗಾರೆ ಉದುರುತ್ತದೆ, ಮತ್ತೆ ಹಾಕಬಹುದು. ಸಿಮೆಂಟ್ ತೇವವನ್ನು ಒಳಗೇ ಹಿಡಿಯುತ್ತದೆ, ಉಪ್ಪು ಕಲ್ಲಿನ ರಂಧ್ರದೊಳಗೆ ಹರಳುಗಟ್ಟಿ ಕಲ್ಲನ್ನೇ ಪುಡಿ ಮಾಡುತ್ತದೆ. ಕಲ್ಲು ಮತ್ತೆ ಹುಟ್ಟಲ್ಲ.

ಈಗ ದೋಣಿ. ಪಾರ್ಕ್ ಎಷ್ಟು ದೊಡ್ಡದು ಅನ್ನುವುದನ್ನು ಎಕರೆಯಲ್ಲಿ ಅಳೆಯಬೇಡಿ, ಗಂಟೆಗೆ ಎಷ್ಟು ಜನ ದಾಟಬಹುದು ಅನ್ನುವುದರಲ್ಲಿ ಅಳೆಯಿರಿ. ಬೆಳಗಿನಿಂದ ನಿಧಾನಕ್ಕೆ ಹೋದ ಜನ ಸಂಜೆ ಮಳೆ ಬಂದ ಕೂಡಲೇ ಒಟ್ಟಿಗೆ ದೋಣಿ ಕಟ್ಟೆಗೆ ಓಡಿ ಬರುತ್ತಾರೆ, ಆಗ ಮಕ್ಕಳು, ವಯಸ್ಸಾದವರು ಎಲ್ಲಿ ನಿಲ್ಲುತ್ತಾರೆ? ಕೊನೆಯ ದೋಣಿ ತಪ್ಪಿಸಿಕೊಂಡವರನ್ನು ಯಾರು ಕರೆತರುತ್ತಾರೆ? ಎದೆನೋವು ಬಂದವರನ್ನು ಎಷ್ಟು ಹೊತ್ತಿನಲ್ಲಿ ದಡ ಸೇರಿಸಬಹುದು? ಇಳಿತದ ಸಮಯದಲ್ಲಿ ಕಟ್ಟೆಯಿಂದ ದೋಣಿಗೆ ಹಾಕುವ ಹಲಗೆ ಕಡಿದಾಗಿ ಗಾಲಿಕುರ್ಚಿ ಇಳಿಯುವುದಿಲ್ಲ, ಅದಕ್ಕೆ ತೇಲುವ ಕಟ್ಟೆ ಬೇಕು. ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದೂ ಇಲ್ಲೇ ಬರುತ್ತದೆ, ಕಡಲಿಗೆ ಅಂತೂ ಅಲ್ಲ ತಾನೆ? ಕುಡಿಯುವ ನೀರಿಗೆ ಕಡಲಡಿ ಪೈಪ್ ಎಳೆಯಬೇಕು, ಆಗುವವರೆಗೆ ಟ್ಯಾಂಕರ್ ಬಾರ್ಜ್. ನೀರು ಇಲ್ಲ ಅಂದರೆ ಬೆಂಕಿ ಆರಿಸುವುದಕ್ಕೂ ಇಲ್ಲ, ಅಂಥ ಕಡೆ ಹಳೇ ಮರದ ಕಟ್ಟಡದೊಳಗೆ ಜನರನ್ನು ಬಿಡಲೇಬಾರದು.

ನಿಮ್ಮ ಭಯದ ಉತ್ತರವೂ ಹೆಚ್ಚಾಗಿ ದೋಣಿಯಲ್ಲೇ ಇದೆ. ಪಾರ್ಕಿಗೆ ಟಿಕೆಟ್ ಇಲ್ಲ ಅಂತ ಬೋರ್ಡ್ ಹಾಕಿ, ದೋಣಿಗೆ ಯದ್ವಾತದ್ವಾ ದರ ಇಟ್ಟರೆ ಅದು ಉಳ್ಳವರ ಪಾರ್ಕೇ. ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಯ ಸುಒಮೆನ್‌ಲಿನ್ನ ಕೋಟೆ ದ್ವೀಪಗಳಿಗೆ ಹೋಗುವ ದೋಣಿ ನಗರ ಸಾರಿಗೆಯ ಭಾಗ. ಟ್ರಾಮಿಗೆ ತಗೊಂಡ ಟಿಕೆಟ್ಟೇ ಅಲ್ಲೂ ನಡೆಯುತ್ತದೆ. 1748ರಲ್ಲಿ ಕಟ್ಟಲು ಶುರು ಮಾಡಿದ, 1991ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಕೋಟೆ ಅದು. ಆದರೂ ಸುಮಾರು 800 ಜನ ಅಲ್ಲಿ ವಾಸವಿದ್ದಾರೆ. ದುರಸ್ತಿ ಕೆಲಸದಲ್ಲಿ ಅಲ್ಲಿಯ ತೆರೆದ ಜೈಲಿನ ಕೈದಿಗಳ ಪಾಲೂ ಇದೆ. ರಾತ್ರಿ ದೀಪ ಉರಿಯುವ ದ್ವೀಪ ಅದು, ಕಳ್ಳತನ, ಬೆಂಕಿ ಎಲ್ಲವೂ ಬೇಗ ಗೊತ್ತಾಗುತ್ತದೆ. ಗವರ್ನರ್ಸ್ ಐಲ್ಯಾಂಡಿನಲ್ಲಿ ಇದಕ್ಕೆ ತದ್ವಿರುದ್ಧ. ಖಾಯಂ ವಸತಿ ಕೂಡದು, ಜೂಜಿನ ಅಡ್ಡೆ ಕೂಡದು ಅಂತ ಕೊಟ್ಟ ಕ್ರಯಪತ್ರದಲ್ಲೇ ಷರತ್ತು ಇದೆ. ಅಲ್ಲಿ 2010ರಿಂದ ಇರುವ ಹಾರ್ಬರ್ ಸ್ಕೂಲ್ ಅನ್ನುವ ಸರ್ಕಾರಿ ಪ್ರೌಢಶಾಲೆ ವಾರದ ದಿನಗಳಲ್ಲಿ ದ್ವೀಪಕ್ಕೆ ಜೀವ ಕೊಡುತ್ತದೆ. ಆ ಮಕ್ಕಳು ದೋಣಿ ನಡೆಸುವುದು, ಮುಳುಗುವುದು, ಸಿಂಪಿ ಬೆಳೆಸುವುದು ಕಲಿಯುತ್ತಾರೆ. ಎರಡೂ ದಾರಿ ನಡೆಯುತ್ತವೆ. ಯಾರೂ ಇಲ್ಲದ ದಾರಿ ಮಾತ್ರ ನಡೆಯುವುದಿಲ್ಲ.

ಹೋಟೆಲಿನ ಮಾತಿಗೆ ಬರೋಣ. ಪಾರ್ಕ್ ತನ್ನ ಖರ್ಚನ್ನು ತಾನೇ ದುಡಿಯುತ್ತದೆ ಅಂತ ಯಾರಾದರೂ ಲೆಕ್ಕ ತೋರಿಸಿದರೆ ಅದರಲ್ಲಿ ಗೋಡೆಯ ಖರ್ಚು ಇದೆಯಾ ಅಂತ ಕೇಳಿ. ಇರುವುದಿಲ್ಲ. ಹಾಗಂತ ವ್ಯಾಪಾರವೇ ಬೇಡ ಅನ್ನುವುದೂ ಹಟ. ಸಿಡ್ನಿಯ ಕಾಕಟೂ ಐಲ್ಯಾಂಡ್ ಮೊದಲು ಕೈದಿಗಳ ಜೈಲು, ಆಮೇಲೆ ಹಡಗುಕಟ್ಟೆ, 1990ರ ದಶಕದ ಆರಂಭದಲ್ಲಿ ಮುಚ್ಚಿತು. ಜನರಿಗೆ ತೆರೆದದ್ದು 2007ರಲ್ಲಿ. ಮರುವರ್ಷವೇ ಡೇರೆ ಹಾಕಿಕೊಂಡು ತಂಗುವ ಜಾಗ ಮಾಡಿದರು, ದೊಡ್ಡ ಶೆಡ್ಡುಗಳಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಸಿಡ್ನಿ ಬಿಯೆನಾಲೆ ಕಲಾ ಪ್ರದರ್ಶನ ನಡೆಯಿತು. ಕಟ್ಟಡ ಕಟ್ಟದೆ ರಾತ್ರಿ ತಂಗುವವರಿಂದ ಹಣ ಬರುವ ದಾರಿ ಅದು, ನನಗೆ ಬಹಳ ಇಷ್ಟ. ಬೇಡ ಅಂದರೆ ಡೇರೆ ಮಡಚಬಹುದು, ಹೋಟೆಲನ್ನು ಮಡಚಲು ಆಗುವುದಿಲ್ಲ. ಗವರ್ನರ್ಸ್ ಐಲ್ಯಾಂಡಿನಲ್ಲಿ 33 ಎಕರೆಯನ್ನು ಮುಂದಿನ ಕಟ್ಟಡಗಳಿಗೆ ಅಂತ ಎತ್ತಿಟ್ಟಿದ್ದಾರೆ. 2021ರಲ್ಲಿ ಅಲ್ಲಿಯ ವಲಯ ನಿಯಮ (ಎಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವುದು) ಬದಲಿಸಿದಾಗ ಇಷ್ಟು ಎತ್ತರ ಯಾಕೆ, ಇಷ್ಟು ದಟ್ಟ ಯಾಕೆ ಅಂತ ಜೋರು ವಿರೋಧವೂ ಬಂತು. ಪಾರ್ಕ್ ಆಗಿ ಜನಪ್ರಿಯವಾದ ಮೇಲೆ ಜಾಗದ ಬೆಲೆ ಏರುತ್ತದೆ, ಆಗಲೇ ಒತ್ತಡ ಶುರು. ಯಾರಿಗೂ ಬೇಡದ ಈ ಹೊತ್ತಿನಲ್ಲೇ ಷರತ್ತು ಬರೆಸಿಕೊಳ್ಳುವುದು ಸುಲಭ.

ಇಡೀ ದ್ವೀಪವನ್ನು ಒಬ್ಬರಿಗೆ ದೀರ್ಘ ಗುತ್ತಿಗೆ ಕೊಡುವುದು ಎಲ್ಲಕ್ಕಿಂತ ಸುಲಭವಾಗಿ ಕಾಣುವ ದಾರಿ. ಗೋಡೆ, ದೋಣಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಅಂತಾರೆ. ಅವರು ದಿವಾಳಿಯಾದರೆ ಗೋಡೆ ನಿಮ್ಮ ಮೈಮೇಲೆ ಬೀಳುತ್ತದೆ, ಲಾಭ ಬಂದರೆ ಒಳ್ಳೆಯ ದಂಡೆಗೆ ಬೇಲಿ ಬೀಳುತ್ತದೆ. ಕೊಡಲೇಬೇಕಾದರೆ ಒಂದೊಂದೇ ಕಟ್ಟಡ, ಕಡಿಮೆ ಅವಧಿಗೆ ಕೊಡಿ. ಕಡಲಂಚಿನ ಸುತ್ತುದಾರಿ, ದೋಣಿ ಕಟ್ಟೆ, ಶೌಚಾಲಯ ಈ ಮೂರು ಯಾವತ್ತೂ ಸಾರ್ವಜನಿಕರ ಕೈಯಲ್ಲೇ ಇರಬೇಕು.

ನಾನಾದರೆ ಏನು ಮಾಡುತ್ತಿದ್ದೆ? ಒಂದು ವರ್ಷ ಗೋಡೆ, ಮಣ್ಣು, ಚಾವಣಿ ಈ ಮೂರರ ತಪಾಸಣೆ. ಅಷ್ಟರಲ್ಲೇ ಅತಿ ಸುರಕ್ಷಿತವಾದ ಒಂದು ಮೂಲೆಗೆ ಬೇಲಿ ಹಾಕಿ, ತೇಲುವ ಕಟ್ಟೆ, ತಾತ್ಕಾಲಿಕ ಶೌಚಾಲಯ, ನೆರಳು ಇಟ್ಟು, ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ರಜಾದಿನ ಮಾತ್ರ ಜನರನ್ನು ಬಿಡುತ್ತಿದ್ದೆ. ಇದರ ಅಪಾಯವನ್ನೂ ಹೇಳಬೇಕು. 'ತಾತ್ಕಾಲಿಕ' ಅಂದದ್ದು ಹದಿನೈದು ವರ್ಷ ಹಾಗೇ ಉಳಿದುಬಿಡಬಹುದು. ಅದಕ್ಕೆ ಗೋಡೆಯ ದುಡ್ಡು ಬೇರೆ ಖಾತೆಯಲ್ಲಿ, ಬೇರೆ ಕೆಲಸಕ್ಕೆ ಮುಟ್ಟದ ಹಾಗೆ ಇರಲಿ ಅಂತ ಮೊದಲ ದಿನವೇ ಒತ್ತಾಯ ಮಾಡಿ. ಬಂದ ಜನ ಎಲ್ಲಿ ಕೂರುತ್ತಾರೆ, ಎಲ್ಲಿಂದ ಬೇಗ ಎದ್ದು ಹೋಗುತ್ತಾರೆ, ಗಾಳಿ ಎಲ್ಲಿ ಜಾಸ್ತಿ ಅಂತ ಸ್ವಯಂಸೇವಕರು ಬರೆದಿಡಲಿ. ವಿನ್ಯಾಸಕಾರರನ್ನು ಅದಾದ ಮೇಲೆ ಕರೆಯಿರಿ, ಆ ಪುಸ್ತಕ ಅವರ ಕೈಗೆ ಕೊಡಿ.

ಮುಂದಿನ ಸಭೆಯಲ್ಲಿ ಫೋಟೊ ಶುರುವಾಗುವ ಮೊದಲೇ ಎರಡು ಕಾಗದ ಕೇಳಿ: ಜಾಗ ಈಗ ಯಾರ ಹೆಸರಲ್ಲಿದೆ, ಯಾವ ಷರತ್ತಿನ ಮೇಲೆ ಕೈ ಬದಲಾಗುತ್ತದೆ ಅನ್ನುವ ದಾಖಲೆ ಒಂದು. ಕಡಲ ಗೋಡೆಯನ್ನು ಕೊನೆಯ ಸಲ ನೀರಿನಡಿ ಪರೀಕ್ಷೆ ಮಾಡಿದ ವರದಿ ಇನ್ನೊಂದು. ಎರಡನೆಯದು ಇಲ್ಲವೇ ಇಲ್ಲ ಅಂತಾರೆ, ಬಹುಶಃ. ಹಾಗಾದರೆ ಸಮಿತಿಯ ಮೊದಲ ಬೇಡಿಕೆ ಅದೇ ಆಗಲಿ, ಮತ್ತೆ ಆ ಸರ್ವೆ ಮುಗಿಯುವವರೆಗೆ ಗೋಡೆಯ ಹತ್ತಿರ ಯಾರನ್ನೂ, ಸಮಿತಿಯವರನ್ನೂ, ನಡೆದಾಡಲು ಬಿಡಬೇಡಿ.